ಚಿನ್ನ ಕ್ರಿಯಾವರ್ಧಕವಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿನ್ನದ ಸಂಯುಕ್ತಗಳನ್ನು ಕ್ರಿಯಾವರ್ಧಕವಾಗಿ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ ಬಳಸಿ ಸಾವಯವ ಅಣುಗಳನ್ನು ಕಟ್ಟುವುದು ನನ್ನ ಸಂಶೋಧನೆಯ ವಿಷಯ. ಹಾಗೆಂದ ಕೂಡಲೇ ಎದುರಿನವರ ಹುಬ್ಬು ಮೇಲೇರುತ್ತದೆ, ಮರುಕ್ಷಣವೇ ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಕುತೂಹಲದವು, ಕೆಲವು ಅನುಮಾನದವು, ಒಂದೆರಡು ತುಂಟತನದವೂ ಇರುತ್ತವೆ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುವುದು ಬೇರೆಯೇ ಬಗೆ. ಒಂದೇ ಉತ್ತರವನ್ನು ನೂರು ಸಲ ಹೇಳುವ ಬದಲು ಒಮ್ಮೆ ಬರೆದಿಡೋಣ ಎನ್ನಿಸಿತು. ಮುಂದೆ ಹೋದಂತೆ ವಿಷಯ ಸ್ವಲ್ಪ ಬಿಗಿಯಾಗುತ್ತದೆ. ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರ ಮಸುಕಾಗಿ ನೆನಪಿದ್ದರೂ ಸಾಕು.

ಚಿನ್ನ ಯಾವುದರ ಜೊತೆಗೂ ಬೆರೆಯದ ಲೋಹ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಕ್ರಿಯಾವರ್ಧಕ ಹೇಗಾಗುತ್ತದೆ?

ಶಾಲೆಯಲ್ಲಿ ಕಲಿತದ್ದು ತಪ್ಪಲ್ಲ, ಅದು ಗಟ್ಟಿಯ ಕಥೆ. ಕೋಟಿ ಕೋಟಿ ಪರಮಾಣುಗಳು ಒತ್ತಾಗಿ ಕೂತಿರುವ ಚಿನ್ನದ ತುಂಡನ್ನು ಗಾಳಿ ಮುಟ್ಟುವುದಿಲ್ಲ, ನೀರು ಮುಟ್ಟುವುದಿಲ್ಲ, ಹೆಚ್ಚಿನ ಆಮ್ಲಗಳೂ ಏನೂ ಮಾಡಲಾರವು. ನಮಗೆ ಬೇಕಾದದ್ದು ಒಂಟಿ ಪರಮಾಣು, ಅದೂ ಎಲೆಕ್ಟ್ರಾನ್ ಕಳೆದುಕೊಂಡದ್ದು.

ಒಂದು ಪಾಲು ನೈಟ್ರಿಕ್ ಆಮ್ಲ, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಸಿಗುವ ಆಕ್ವಾ ರೀಜಿಯಾ ಆ ಕೆಲಸ ಮಾಡುತ್ತದೆ. ಎರಡರಲ್ಲಿ ಯಾವುದೊಂದೂ ಒಂಟಿಯಾಗಿ ಚಿನ್ನವನ್ನು ಕರಗಿಸಲಾರದು. ನೈಟ್ರಿಕ್ ಆಮ್ಲ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ, ಕ್ಲೋರೈಡ್ ಅಯಾನುಗಳು ಹಾಗೆ ಹೊರಬಿದ್ದ ಚಿನ್ನವನ್ನು ಸುತ್ತುವರಿದು ವಾಪಸು ಹೋಗದಂತೆ ತಡೆಯುತ್ತವೆ. ಕೊನೆಗೆ ಉಳಿಯುವುದು ಹಳದಿ ಬಣ್ಣದ ಕ್ಲೋರೋಆರಿಕ್ ಆಮ್ಲ. ಚಿನ್ನದ ರಸಾಯನಶಾಸ್ತ್ರವೆಲ್ಲ ಬಹುಮಟ್ಟಿಗೆ ಈ ಹಳದಿ ದ್ರಾವಣದಿಂದಲೇ ಹೊರಡುತ್ತದೆ.

ಹಾಗಾದರೆ ನನ್ನ ಬೆರಳಿನ ಉಂಗುರವೂ ಕ್ರಿಯಾವರ್ಧಕವೇ?

ಅಲ್ಲ. ನೆಮ್ಮದಿಯಾಗಿ ಧರಿಸಿರಿ.

ನೀವು ಬಳಸುವ ಚಿನ್ನ ನೋಡಲು ಹೇಗಿರುತ್ತದೆ?

ಸುಣ್ಣದ ಪುಡಿಯಂತೆ. ಪ್ರಯೋಗಾಲಯ ನೋಡಲು ಬಂದವರಿಗೆ ಇದರಷ್ಟು ನಿರಾಸೆ ತರುವ ವಸ್ತು ಬೇರೊಂದಿಲ್ಲ. ನಮ್ಮ ಕಪಾಟಿನ ಅತ್ಯಂತ ಸಾಮಾನ್ಯ ಸಂಯುಕ್ತ ಟ್ರೈಫೀನೈಲ್‌ಫಾಸ್ಫೀನ್ ಗೋಲ್ಡ್ ಕ್ಲೋರೈಡ್. ಒಂದು ಚಿನ್ನದ ಪರಮಾಣುವಿನ ಒಂದು ಬದಿಗೆ ರಂಜಕದ ಸಂಯುಕ್ತವಾದ ಫಾಸ್ಫೀನ್, ಇನ್ನೊಂದು ಬದಿಗೆ ಕ್ಲೋರೈಡ್, ಮೂರೂ ನೂಲು ಹಿಡಿದಂತೆ ಒಂದೇ ಗೆರೆಯಲ್ಲಿ.

ಅದನ್ನು ಮಾಡುವ ಬಗೆ ನೋಡುವಂಥದ್ದು. ಕ್ಲೋರೋಆರಿಕ್ ಆಮ್ಲದ ಹಳದಿ ದ್ರಾವಣವನ್ನು ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು ಥಯೋಡೈಗ್ಲೈಕಾಲ್ ಎಂಬ ಗಂಧಕದ ಸಂಯುಕ್ತವನ್ನು ಹನಿ ಹನಿಯಾಗಿ ಬಿಡುತ್ತೇವೆ. ಹಳದಿ ನಿಧಾನವಾಗಿ ತಿಳಿಯಾಗುತ್ತಾ ಹೋಗಿ ಕೊನೆಗೆ ದ್ರಾವಣ ನೀರಿನಂತಾಗುತ್ತದೆ. ಮೂರು ಧನ ಆವೇಶದ ಚಿನ್ನ ಎರಡು ಎಲೆಕ್ಟ್ರಾನು ಪಡೆದು ಒಂದು ಧನ ಆವೇಶಕ್ಕೆ ಇಳಿದಿದೆ ಎಂಬುದಕ್ಕೆ ಆ ಬಣ್ಣಗೆಡುವಿಕೆಯೇ ಸಾಕ್ಷಿ. ಆಗ ಟ್ರೈಫೀನೈಲ್‌ಫಾಸ್ಫೀನ್ ದ್ರಾವಣ ಸೇರಿಸಿದರೆ ಬಿಳಿಯ ಪ್ರಕ್ಷೇಪ ತಳಕ್ಕಿಳಿಯುತ್ತದೆ. ಅವಸರ ಮಾಡಿದಿರೋ, ಫ್ಲಾಸ್ಕಿನ ಗೋಡೆಗೆ ನೇರಳೆ ಛಾಯೆ ಹತ್ತುತ್ತದೆ. ಎಲೆಕ್ಟ್ರಾನು ಮೂರೂ ವಾಪಸು ಬಂದು ಚಿನ್ನ ಮತ್ತೆ ಲೋಹವಾಗಿದೆ ಎಂದು ಅರ್ಥ. ಮೊದಲ ಸಲ ಮಾಡುವವರಲ್ಲಿ ಬಹುತೇಕ ಎಲ್ಲರೂ ಆ ನೇರಳೆಯನ್ನು ಕಂಡವರೇ. ನಾನೂ ಕಂಡಿದ್ದೇನೆ.

ಇನ್ನು ಮುಂದೆ ಒಂದು ಆವೇಶದ್ದನ್ನು ಚಿನ್ನ-1, ಮೂರು ಆವೇಶದ್ದನ್ನು ಚಿನ್ನ-3 ಎಂದು ಕರೆಯುತ್ತೇನೆ.

ಕ್ರಿಯೆಯೊಳಗೆ ಚಿನ್ನ ಮಾಡುವ ಕೆಲಸವೇನು?

ಒಂದು ಸರಳ ಉದಾಹರಣೆ ಹಿಡಿಯೋಣ: ಫೀನೈಲ್‌ಅಸಿಟಿಲೀನ್ ಮತ್ತು ನೀರು. ಮೊದಲನೆಯದರಲ್ಲಿ ಎರಡು ಇಂಗಾಲಗಳ ನಡುವೆ ತ್ರಿಬಂಧವಿದೆ, ಅಂದರೆ ಆಲ್ಕೈನ್. ಎರಡನ್ನೂ ಬೆರೆಸಿ ವಾರಗಟ್ಟಲೆ ಇಟ್ಟರೂ ಒಂದರ ಗೋಜಿಗೆ ಇನ್ನೊಂದು ಹೋಗುವುದಿಲ್ಲ. ತ್ರಿಬಂಧದ ಸುತ್ತ ಎಲೆಕ್ಟ್ರಾನುಗಳ ಮೋಡವಿದೆ, ನೀರಿನ ಆಮ್ಲಜನಕದ ಮೇಲೂ ಎಲೆಕ್ಟ್ರಾನುಗಳಿವೆ. ಎರಡೂ ಕಡೆ ಋಣ ಆವೇಶವಿದ್ದರೆ ಸ್ನೇಹ ಎಲ್ಲಿಂದ ಬರಬೇಕು?

ಈಗ ಚಿನ್ನ-1 ಬರುತ್ತದೆ. ಅದು ತ್ರಿಬಂಧದ ಎಲೆಕ್ಟ್ರಾನ್ ಮೋಡದ ಮೇಲೆ ಕೂತು ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಇಂಗಾಲ ಬರಿದಾಗುತ್ತದೆ. ಆಗ ನೀರಿನ ಅಣು ಚಿನ್ನ ಕೂತಿರುವ ಕಡೆಯಿಂದಲ್ಲ, ಹಿಂಬದಿಯಿಂದ ಬಂದು ಆ ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಈ ಹಂತದಲ್ಲಿ ಚಿನ್ನ ಇನ್ನೊಂದು ಇಂಗಾಲಕ್ಕೆ ಸರಿಯಾದ ಬಂಧದಿಂದಲೇ ಕೂಡಿಕೊಂಡಿರುತ್ತದೆ. ಕೊನೆಗೆ ಒಂದು ಪ್ರೋಟಾನ್ ಬಂದು ಆ ಬಂಧವನ್ನು ಬಿಡಿಸಿ ತಾನು ಅಲ್ಲಿ ಕೂರುತ್ತದೆ, ಚಿನ್ನ ಮುಂದಿನ ಅಣುವನ್ನು ಹುಡುಕಿಕೊಂಡು ಹೋಗುತ್ತದೆ. ಕೈಗೆ ಬರುವುದು ಅಸಿಟೋಫೀನೋನ್. 102 ತೂಕದ ಅಣುವಿಗೆ 18 ತೂಕದ ನೀರು ಸೇರಿ 120. ಒಂದು ಪರಮಾಣುವೂ ಪೋಲಾಗಿಲ್ಲ.

ಇಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಕೊನೆಯ ಹೆಜ್ಜೆ. ಹಿಡಿಯುವ ಲೋಹಗಳು ಬೇಕಾದಷ್ಟಿವೆ. ಹಿಡಿದದ್ದನ್ನು ಹೊತ್ತಿಗೆ ಸರಿಯಾಗಿ ಬಿಡಲು ಬಾರದ್ದರಿಂದಲೇ ಎಷ್ಟೋ ಲೋಹಗಳು ಕ್ರಿಯಾವರ್ಧಕವಾಗಿ ಸೋಲುತ್ತವೆ. ಚಿನ್ನಕ್ಕೆ ಎರಡೂ ಗೊತ್ತು. ಶಾಲೆಯಲ್ಲಿ ನಾವು "ಬೆರೆಯದ ಲೋಹ" ಎಂದು ಕರೆದ ಆ ಬಿಗುಮಾನವೇ ಇಲ್ಲಿ ಅದರ ಸಾಮರ್ಥ್ಯ.

ಈ ಗುಣ ಚಿನ್ನಕ್ಕೆ ಎಲ್ಲಿಂದ ಬಂತು? ಬೆಳ್ಳಿಗೆ ಯಾಕೆ ಇಷ್ಟು ಇಲ್ಲ?

ಇದಕ್ಕೆ ಉತ್ತರ ಐನ್‌ಸ್ಟೈನ್ ಸಾಪೇಕ್ಷತೆಯಲ್ಲಿದೆ ಎಂದರೆ ನಗಬೇಡಿ. ಚಿನ್ನದ ಪರಮಾಣು ಸಂಖ್ಯೆ 79. ನ್ಯೂಕ್ಲಿಯಸ್ಸಿನಲ್ಲಿ ಅಷ್ಟು ಪ್ರೋಟಾನುಗಳಿದ್ದರೆ ತೀರ ಒಳಗಿನ ಎಲೆಕ್ಟ್ರಾನುಗಳು ಬೀಳದೆ ಉಳಿಯಲು ಬೆಳಕಿನ ವೇಗದ ಸುಮಾರು ಶೇ. 58ರಷ್ಟು ವೇಗದಲ್ಲಿ ಚಲಿಸಬೇಕೆಂದು ಸರಳ ಲೆಕ್ಕವೊಂದು ಹೇಳುತ್ತದೆ. ಅಷ್ಟು ವೇಗದಲ್ಲಿ ಎಲೆಕ್ಟ್ರಾನಿನ ತೂಕ ಸುಮಾರು ಶೇ. 22ರಷ್ಟು ಹೆಚ್ಚಿದಂತಾಗಿ ಕಕ್ಷಕ ಒಳಕ್ಕೆ ಕುಗ್ಗುತ್ತದೆ. ಒಳಗಿನದು ಕುಗ್ಗಿದಂತೆ ಹೊರಗಿನ ಎಸ್ ಕಕ್ಷಕವೂ ಕುಗ್ಗುತ್ತದೆ. ಅದರ ಎಲೆಕ್ಟ್ರಾನನ್ನು ಚಿನ್ನ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಕಳೆದುಕೊಂಡರೆ ವಾಪಸು ಪಡೆಯಲು ಹಾತೊರೆಯುತ್ತದೆ. ಡಿ ಕಕ್ಷಕಗಳು ಮಾತ್ರ ಹೊರಕ್ಕೆ ಹಿಗ್ಗುತ್ತವೆ. ಫಿನ್ಲೆಂಡಿನ ಪೆಕ್ಕಾ ಪ್ಯೂಕ್ಕೊ ಭಾರ ಧಾತುಗಳ ಈ ನಡವಳಿಕೆಯನ್ನು ದಶಕಗಳ ಕಾಲ ಲೆಕ್ಕ ಹಾಕಿ ತೋರಿಸಿದವರು.

ಚಿನ್ನದ ಬಣ್ಣವೂ ಇದೇ ಲೆಕ್ಕದ ಫಲ. ಡಿ ಮತ್ತು ಎಸ್ ಕಕ್ಷಕಗಳ ನಡುವಿನ ಅಂತರ ಕಿರಿದಾಗಿ ಅದು ನೀಲಿ ಬೆಳಕನ್ನು ಹೀರುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಹೊಂಬಣ್ಣ. 47ನೆಯ ಧಾತುವಾದ ಬೆಳ್ಳಿಯಲ್ಲಿ ಸಾಪೇಕ್ಷತೆಯ ಪ್ರಭಾವ ಕಡಿಮೆ, ಹಾಗಾಗಿ ಅದು ಬೆಳ್ಳಗೇ ಉಳಿಯಿತು. ಒಡವೆಯ ಹೊಳಪಿಗೂ ನನ್ನ ಫ್ಲಾಸ್ಕಿನ ಕ್ರಿಯೆಗೂ ಕಾರಣ ಒಂದೇ ಎಂಬ ಸಂಗತಿ ಇಷ್ಟು ವರ್ಷಗಳಾದರೂ ನನಗೆ ಹಳಸಿಲ್ಲ.

ಇನ್ನೊಂದು ಮಾತು. ಫಾಸ್ಫೀನ್ ಹೊತ್ತ ಚಿನ್ನ-1 ಹಲವು ಕಡೆ ದೊಡ್ಡ ಗಾತ್ರದ ಪ್ರೋಟಾನಿನಂತೆ ನಡೆದುಕೊಳ್ಳುತ್ತದೆ. ಪ್ರೋಟಾನಿಗೆ ಆಮ್ಲಜನಕ, ಸಾರಜನಕಗಳೆಂದರೆ ಪ್ರಾಣ. ಚಿನ್ನಕ್ಕೆ ಅವುಗಳಿಗಿಂತ ಇಂಗಾಲದ ಬಹುಬಂಧವೇ ಹೆಚ್ಚು ಪ್ರಿಯ. ಆಲ್ಕೋಹಾಲ್, ಕೀಟೋನ್, ಎಸ್ಟರ್ ಎಲ್ಲವೂ ತುಂಬಿದ ಅಣುವಿನಲ್ಲಿ ಅವುಗಳನ್ನು ಬದಿಗಿಟ್ಟು ನೇರವಾಗಿ ತ್ರಿಬಂಧಕ್ಕೇ ಹೋಗಿ ಕೂರುವ ಈ ಚಾಳಿಯೇ ಸಂಶ್ಲೇಷಣೆ ಮಾಡುವವರಿಗೆ ವರ.

ಇದನ್ನು ಮೊದಲು ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳಲಾಗುವುದಿಲ್ಲ. ಚಿನ್ನ ನಿಷ್ಪ್ರಯೋಜಕ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದು ಒಂದೇ ಏಟಿಗೆ ಒಡೆಯಲಿಲ್ಲ. 1986ರಲ್ಲಿ ಜಪಾನಿನ ಇಟೊ, ಸಾವಾಮುರಾ, ಹಯಾಶಿ ಅವರು ಚಿನ್ನ-1ರಿಂದ ಇಂಗಾಲಗಳನ್ನು ಬೆಸೆಯುವ ಆಲ್ಡಾಲ್ ಕ್ರಿಯೆಯನ್ನು ಒಂದೇ ಕೈಯ ಅಣು, ಅಂದರೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪಗಳಲ್ಲಿ ಒಂದೇ ಬರುವಂತೆ ನಡೆಸಿದರು. ಮರುವರ್ಷ ಮಸಟಾಕೆ ಹರುಟಾ ಲೋಹದ ಆಕ್ಸೈಡುಗಳ ಮೇಲೆ ಕೂರಿಸಿದ ಚಿನ್ನದ ನ್ಯಾನೊ ಕಣಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ಕಾರ್ಬನ್ ಮೊನಾಕ್ಸೈಡನ್ನು ಉರಿಸಬಲ್ಲವು ಎಂದು ತೋರಿಸಿದರು. 1991ರಲ್ಲಿ ಫುಕುಡಾ ಮತ್ತು ಉಟಿಮೊಟೊ ಚಿನ್ನ-3ರ ಲವಣದಿಂದ ಆಲ್ಕೈನುಗಳಿಗೆ ನೀರು ಸೇರಿಸಿದರು.

ನನ್ನ ಲೆಕ್ಕದಲ್ಲಿ ತಿರುವು ಬಂದದ್ದು 1998ರಲ್ಲಿ. ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಟೆಲೆಸ್ ಮತ್ತು ಸಂಗಡಿಗರು ಫಾಸ್ಫೀನ್ ಹೊತ್ತ ಚಿನ್ನ-1 ಬಳಸಿ ಆಲ್ಕೈನಿಗೆ ಮೆಥನಾಲ್ ಸೇರಿಸಿದಾಗ ಒಂದೊಂದು ಚಿನ್ನದ ಪರಮಾಣು 1 ಲಕ್ಷ ಸಲದವರೆಗೂ ಆ ಕೆಲಸ ಮಾಡಿತು. 2000ದಲ್ಲಿ ಸ್ಟೀಫನ್ ಹಾಷ್ಮಿ ಫ್ಯೂರಾನ್ ಮತ್ತು ಆಲ್ಕೈನ್ ಎರಡೂ ಇರುವ ಅಣುವನ್ನು ಒಂದೇ ಹೆಜ್ಜೆಯಲ್ಲಿ ಫೀನಾಲ್ ಆಗಿ ಮಾರ್ಪಡಿಸಿದರು. ಬಂಧಗಳು ಅಲ್ಲಿ ಎಷ್ಟು ಅಡಿಮೇಲಾಗುತ್ತವೆಂದರೆ, ಮೊದಲ ಸಲ ಓದಿದಾಗ ಯಾವ ಇಂಗಾಲ ಎಲ್ಲಿಗೆ ಹೋಯಿತೆಂದು ಕಾಗದದ ಮೇಲೆ ಬರೆದುಕೊಂಡೇ ನೋಡಬೇಕಾಯಿತು. 2004ರ ಹೊತ್ತಿಗೆ ಸ್ಪೇನಿನ ಎಚವಾರೆನ್, ಅಮೆರಿಕದ ಡೀನ್ ಟೋಸ್ಟ್, ಜರ್ಮನಿಯ ಫ್ಯೂರ್‌ಸ್ಟ್ನರ್ ತಂಡಗಳು ಕೈ ಹಾಕಿದವು. ಅಲ್ಲಿಂದಾಚೆಗೆ ಪ್ರಬಂಧಗಳ ಹೊಳೆ.

ಪಾದರಸದ ಜಾಗಕ್ಕೆ ಚಿನ್ನ ಬಂದಿದೆ ಎನ್ನುತ್ತಾರೆ. ನಿಜವೇ?

ಒಂದು ದೊಡ್ಡ ಉದ್ಯಮದಲ್ಲಿ ಭಾಗಶಃ ನಿಜ. ಆಲ್ಕೈನಿಗೆ ನೀರು ಸೇರಿಸುವ ಹಳೆಯ ದಾರಿ ರಷ್ಯಾದ ಕುಚೆರೊವ್ 1881ರಲ್ಲಿ ತೋರಿಸಿದ್ದು, ಪಾದರಸದ ಲವಣದಿಂದ. ಅದೇ ರಸಾಯನಶಾಸ್ತ್ರದಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿದ್ದ ಕಾರ್ಖಾನೆಯ ತ್ಯಾಜ್ಯ ಜಪಾನಿನ ಮಿನಮಾಟ ಕೊಲ್ಲಿಗೆ ಹರಿದು, ಮೀನು ತಿಂದವರ ನರಮಂಡಲವನ್ನೇ ಹಾಳುಮಾಡಿತು. ಪಾದರಸ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಮಿನಮಾಟ ಎಂದೇ ಹೆಸರಿಟ್ಟರು.

ಪಿವಿಸಿ ಪೈಪುಗಳ ಮೂಲವಸ್ತು ವಿನೈಲ್ ಕ್ಲೋರೈಡ್. ಕಲ್ಲಿದ್ದಲಿನಿಂದ ಅಸಿಟಿಲೀನ್ ಪಡೆದು ಅದಕ್ಕೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿ ಮಾಡುವ ಕ್ರಮ ಚೀನಾದಲ್ಲಿ ಬಲವಾಗಿ ಬೇರೂರಿದೆ, ಅದಕ್ಕೆ ಇದ್ದಿಲಿನ ಮೇಲೆ ಹರಡಿದ ಪಾದರಸದ ಕ್ಲೋರೈಡ್ ಬೇಕಿತ್ತು. ಇಲ್ಲಿ ಚಿನ್ನವೇ ಎಲ್ಲಕ್ಕಿಂತ ಉತ್ತಮ ಎಂದು ಗ್ರಹಾಂ ಹಚಿಂಗ್ಸ್ 1985ರಲ್ಲೇ ಅಂದಾಜಿಸಿದ್ದರು. ಅವರ ತರ್ಕ ಸರಳ: ಬೇರೆ ಬೇರೆ ಲೋಹಗಳ ಚುರುಕುತನವನ್ನು ಅವುಗಳ ಅಪಕರ್ಷಣ ವಿಭವದ (ಎಲೆಕ್ಟ್ರಾನು ಸೆಳೆದುಕೊಳ್ಳುವ ಒಲವಿನ ಅಳತೆ) ಎದುರು ನಕ್ಷೆಯಲ್ಲಿ ಗುರುತಿಸಿದರೆ ಗೆರೆಯ ತುದಿಯಲ್ಲಿ ಚಿನ್ನ ಸಿಗುತ್ತದೆ. ಪ್ರಯೋಗ ಅದನ್ನು ದೃಢಪಡಿಸಿತು, ಆದರೆ ಕಾರ್ಖಾನೆಯ ಮಟ್ಟಕ್ಕೆ ಬರಲು ಸುಮಾರು ಮೂರು ದಶಕ ಹಿಡಿಯಿತು. ಆ ಕ್ರಿಯಾವರ್ಧಕದಲ್ಲಿ ಕೆಲಸ ಮಾಡುವುದು ಇದ್ದಿಲಿನ ಮೇಲೆ ಒಂದೊಂದಾಗಿ ಹರಡಿ ಕೂತ ಚಿನ್ನದ ಪರಮಾಣುಗಳೇ ಎಂದು 2017ರಲ್ಲಿ ಎಕ್ಸ್‌ಕಿರಣಗಳ ಅಧ್ಯಯನ ತೋರಿಸಿತು.

ಇಷ್ಟು ದುಬಾರಿ ಲೋಹ ಬಳಸುವುದು ದುಂದಲ್ಲವೇ?

ಲೆಕ್ಕ ಹಾಕೋಣ. ಮೇಲಿನ ಫೀನೈಲ್‌ಅಸಿಟಿಲೀನ್ 102 ಮಿಲಿಗ್ರಾಂ ತೆಗೆದುಕೊಂಡೆವು ಎನ್ನಿ. ನೂರು ಅಣುವಿಗೆ ಒಂದರಂತೆ ಕ್ರಿಯಾವರ್ಧಕ ಹಾಕಿದರೆ ಬೇಕಾಗುವ ಬಿಳಿಯ ಪುಡಿ 5 ಮಿಲಿಗ್ರಾಂ. ಅದರಲ್ಲಿ ಚಿನ್ನ 2 ಮಿಲಿಗ್ರಾಂ, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಬದಿಯ ಒಂದು ಘನ. ಕ್ರಿಯೆ ಮುಗಿದ ಮೇಲೆ ಉತ್ಪನ್ನವನ್ನು ಶುದ್ಧೀಕರಿಸಲು ಸುರಿಯುವ ದ್ರಾವಕ, ಸಿಲಿಕಾ ಜೆಲ್, ಅದಕ್ಕೆ ಹಿಡಿಯುವ ಹೊತ್ತು ಇವನ್ನು ಕೂಡಿಸಿದರೆ ಚಿನ್ನದ ಪಾಲು ದೊಡ್ಡದಲ್ಲ. ಫಾಸ್ಫೀನಿನಂತೆ ಲೋಹಕ್ಕೆ ಅಂಟಿಕೊಂಡಿರುವ ಅಣುಗಳಾದ ಲಿಗ್ಯಾಂಡುಗಳಲ್ಲಿ ಕೆಲವು ಚಿನ್ನಕ್ಕಿಂತ ದುಬಾರಿ ಎಂಬುದನ್ನೂ ಯಾರೂ ಕೇಳುವುದಿಲ್ಲ.

ಟನ್ನುಗಟ್ಟಲೆ ತಯಾರಿಸುವಾಗ ಪ್ರಶ್ನೆ ಬೇರೆ. ಅಲ್ಲಿ ನೂರಕ್ಕೊಂದು ಎಂಬುದು ಐಷಾರಾಮವೇ ಸರಿ, ಲಕ್ಷಕ್ಕೊಂದು ಇರಬೇಕು. ದ್ರಾವಣದಲ್ಲಿ ಕರಗಿ ಕೆಲಸ ಮಾಡುವ ಚಿನ್ನ ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಉಳಿದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಕ್ರಿಯಾವರ್ಧಕ ಖರ್ಚಾಗುವುದಿಲ್ಲವಲ್ಲ, ಮತ್ತೆ ಮತ್ತೆ ಬಳಸಬಹುದೇ?

ಪುಸ್ತಕದಲ್ಲಿ ಖರ್ಚಾಗುವುದಿಲ್ಲ. ಫ್ಲಾಸ್ಕಿನಲ್ಲಿ ಸಾಯುತ್ತದೆ. ಸತ್ತ ಚಿನ್ನ ಗಾಜಿನ ಮೇಲೆ ನೇರಳೆ ಪೊರೆಯಾಗಿಯೋ ಕಪ್ಪು ಪುಡಿಯಾಗಿಯೋ ಕೂರುತ್ತದೆ. ಅದನ್ನೆಲ್ಲ ಒಂದು ಬಾಟಲಿಯಲ್ಲಿ ಕೂಡಿಟ್ಟು ಆಕ್ವಾ ರೀಜಿಯಾಕ್ಕೆ ಮರಳಿಸಿದರೆ ಲೋಹವೇನೋ ವಾಪಸು ಸಿಗುತ್ತದೆ. ನಮ್ಮಲ್ಲಿ ಆ ಬಾಟಲಿಗೆ ತೋರುವ ಗೌರವವನ್ನು ಬೇರೆ ಯಾವ ತ್ಯಾಜ್ಯಕ್ಕೂ ತೋರುವುದಿಲ್ಲ.

ಚಿನ್ನದ ಕ್ರಿಯೆಗೆ ಬೆಳ್ಳಿಯ ಲವಣವನ್ನೂ ಹಾಕುತ್ತಾರಲ್ಲ, ಯಾಕೆ?

ಚಿನ್ನಕ್ಕೆ ಅಂಟಿದ ಕ್ಲೋರೈಡನ್ನು ಕೀಳಲು. ಕ್ಲೋರೈಡ್ ಇರುವವರೆಗೆ ಆಲ್ಕೈನಿಗೆ ಕೂರಲು ಜಾಗವಿಲ್ಲ. ಬೆಳ್ಳಿಯ ಟ್ರೈಫ್ಲೇಟನ್ನೋ ಅಂಥ ಇನ್ನೊಂದು ಲವಣವನ್ನೋ ಸೇರಿಸಿದ ಕೂಡಲೇ ಬೆಳ್ಳಿಯ ಕ್ಲೋರೈಡ್ ಹಾಲು ಒಡೆದಂತೆ ಬೆಳ್ಳಗೆ ಬೇರ್ಪಡುತ್ತದೆ. ಬೆಳಕಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಬೂದುಬಣ್ಣಕ್ಕೆ ತಿರುಗುತ್ತದೆ.

ತೊಂದರೆ ಎಂದರೆ, ಹೆಚ್ಚಾಗಿ ಉಳಿದ ಬೆಳ್ಳಿ ಸುಮ್ಮನಿರುವುದಿಲ್ಲ. ಕೆಲವೊಮ್ಮೆ ಚಿನ್ನದ ಜೊತೆ ಸೇರಿ ಕೆಲಸ ಮಾಡುತ್ತದೆ, ಕೆಲವೊಮ್ಮೆ ಕೆಡಿಸುತ್ತದೆ, ಕೆಲವೊಮ್ಮೆ ಕೆಲಸವನ್ನೆಲ್ಲ ತಾನೇ ಮಾಡಿ ಹೆಸರನ್ನು ಚಿನ್ನಕ್ಕೆ ಬಿಡುತ್ತದೆ. ಶಿಯಾಡಾಂಗ್ ಶಿ ಅವರ ತಂಡ 2012ರಲ್ಲಿ ಇದನ್ನು ಎತ್ತಿ ತೋರಿಸಿದ ಮೇಲೆ ಎಲ್ಲರೂ ಸ್ವಲ್ಪ ಹುಷಾರಾದೆವು. ಬೆಳ್ಳಿಯ ಕ್ಲೋರೈಡನ್ನು ಸೆಲೈಟ್ ಪದರದ ಮೂಲಕ ಸೋಸಿ ತೆಗೆಯುವುದು ಒಂದು ದಾರಿ. ಬೆಳ್ಳಿಯ ಹಂಗೇ ಬೇಡವೆಂದರೆ ಟ್ರೈಫ್ಲಿಮೈಡ್ ಇರುವ ಸಿದ್ಧ ಚಿನ್ನ-1 ಸಂಯುಕ್ತವಿದೆ. ಫ್ರಾನ್ಸಿನ ಗಾಗೋಸ್ ತಂಡ 2005ರಲ್ಲಿ ಕೊಟ್ಟದ್ದು, ಬಾಟಲಿಯಿಂದ ನೇರವಾಗಿ ತೂಗಿ ಹಾಕಬಹುದು. ಹೊಸಬರಿಗೆ ನಾನು ಇದನ್ನೇ ಕೊಡುತ್ತೇನೆ.

ಚಿನ್ನ-1 ಒಳ್ಳೆಯದೋ, ಚಿನ್ನ-3 ಒಳ್ಳೆಯದೋ?

ನಿಮಗೆ ಏನು ಬೇಕು ಎಂಬುದರ ಮೇಲೆ. ತ್ರಿಬಂಧವನ್ನು ತುದಿಯಲ್ಲಿ ಹೊತ್ತ ಅಮೈಡನ್ನು ತೆಗೆದುಕೊಳ್ಳಿ. ಎರಡರಲ್ಲಿ ಯಾವುದನ್ನು ಹಾಕಿದರೂ ಅಮೈಡಿನ ಆಮ್ಲಜನಕ ಮಡಚಿ ಬಂದು ತ್ರಿಬಂಧಕ್ಕೆ ಸೇರಿ ಐದು ಕೊಂಡಿಗಳ ಉಂಗುರವಾಗುತ್ತದೆ. ಚಿನ್ನ-1 ಹಾಕಿದರೆ ಕ್ರಿಯೆ ಅಲ್ಲಿಗೇ ನಿಂತು, ಉಂಗುರದ ಹೊರಗೆ ದ್ವಿಬಂಧ ಚಾಚಿಕೊಂಡಿರುವ ಆಕ್ಸಝೋಲೀನ್ ಸಿಗುತ್ತದೆ. ಚಿನ್ನ-3 ಹಾಕಿದರೆ ಆ ದ್ವಿಬಂಧವೂ ಉಂಗುರದೊಳಕ್ಕೆ ಸರಿದು ಪೂರ್ಣ ಆಕ್ಸಝೋಲ್ ಬರುತ್ತದೆ. ಲೋಹ ಒಂದೇ, ಎರಡು ಎಲೆಕ್ಟ್ರಾನಿನ ವ್ಯತ್ಯಾಸ.

ಕೆಲಸ ಮಾಡುತ್ತಿರುವುದು ಚಿನ್ನವೇ ಎಂದು ಹೇಗೆ ಗೊತ್ತು?

ಎಲ್ಲರೂ ಇದನ್ನು ಕೇಳಬೇಕು, ಕೇಳುವವರು ಕಡಿಮೆ.

ನನ್ನ ಸಂಶೋಧನೆಯ ಎರಡನೆಯ ವರ್ಷ ದ್ವಿಬಂಧವಿರುವ ಆಲ್ಕೀನಿಗೆ ಆಲ್ಕೋಹಾಲ್ ಸೇರಿಸುವ ಕ್ರಿಯೆಯೊಂದು ಚೆನ್ನಾಗಿ ಕೈ ಹತ್ತಿತ್ತು. ಎಂಟು ಲಿಗ್ಯಾಂಡ್ ಬದಲಿಸಿದೆ, ಇಳುವರಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. "ಎಷ್ಟು ಹೊಂದಿಕೊಳ್ಳುವ ಕ್ರಿಯೆ!" ಎಂದು ಬೀಗಿದೆ. ಲಿಗ್ಯಾಂಡ್ ಬದಲಾದರೂ ಏನೂ ಬದಲಾಗುತ್ತಿಲ್ಲವೆಂದರೆ ಲಿಗ್ಯಾಂಡಿಗೆ ಅಲ್ಲಿ ಪಾತ್ರವೇ ಇಲ್ಲದಿರಬಹುದು ಎಂದು ಹೊಳೆಯಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ನೋಟ್‌ಬುಕ್ ತಿರುವಿ ಹಾಕಿ, "ಚಿನ್ನ ಬಿಟ್ಟು ಒಂದು ಹನಿ ಟ್ರೈಫ್ಲಿಕ್ ಆಮ್ಲ ಹಾಕಿ ನೋಡು" ಎಂದಷ್ಟೇ ಹೇಳಿದರು. ಹಾಕಿದೆ. ಅದೇ ಉತ್ಪನ್ನ, ಅದೇ ಇಳುವರಿ, ಸಮಯ ಮಾತ್ರ ಅರ್ಧ. ಬೆಳ್ಳಿಯ ಟ್ರೈಫ್ಲೇಟಿನಿಂದ ಹುಟ್ಟಿದ ಚೂರು ಆಮ್ಲ ಅಷ್ಟು ದಿನವೂ ದುಡಿದಿತ್ತು, ಚಿನ್ನ ಪಕ್ಕದಲ್ಲಿ ಕೂತು ನೋಡುತ್ತಿತ್ತು. ಐದು ತಿಂಗಳ ಕೆಲಸ ಬುಟ್ಟಿಗೆ ಹೋಯಿತು.

ಹಾಗಾಗಿ ಈಗ ಯಾವ ಹೊಸ ಕ್ರಿಯೆಯನ್ನಾದರೂ ಮೊದಲ ದಿನವೇ ಒರೆಗೆ ಹಚ್ಚುತ್ತೇನೆ. ಚಿನ್ನವಿಲ್ಲದೆ ಬೆಳ್ಳಿ ಮಾತ್ರ ಹಾಕಿದ ಒಂದು ಸೀಸೆ, ಆಮ್ಲ ಮಾತ್ರ ಹಾಕಿದ ಒಂದು, ಏನೂ ಹಾಕದ ಒಂದು. ಜೊತೆಗೆ ಚಿನ್ನದ ಸೀಸೆಗೆ ಡೈ ಟರ್ಷಿಯರಿ ಬ್ಯುಟೈಲ್ ಪಿರಿಡೀನ್ ಸೇರಿಸಿದ್ದು ಇನ್ನೊಂದು. ಈ ಪಿರಿಡೀನಿನ ಎರಡು ಪಕ್ಕಗಳಲ್ಲೂ ಗುಡ್ಡದಂಥ ಗುಂಪುಗಳಿರುವುದರಿಂದ ಲೋಹ ಅದರ ಸಾರಜನಕವನ್ನು ಮುಟ್ಟಲಾರದು, ಪುಟ್ಟ ಪ್ರೋಟಾನ್ ಮಾತ್ರ ನುಸುಳಿ ಸಿಕ್ಕಿಬೀಳುತ್ತದೆ. ಅದನ್ನು ಹಾಕಿದ ಮೇಲೂ ಕ್ರಿಯೆ ನಡೆದರೆ ಆಮ್ಲದ ಮೇಲಿನ ಅನುಮಾನ ಬಹುಮಟ್ಟಿಗೆ ತೀರಿದಂತೆ. ನಿಂತರೆ ಮಾತ್ರ ಅವಸರದ ತೀರ್ಪು ಬೇಡ, ಚಿನ್ನವನ್ನು ಬಿಡಿಸುವ ಕೊನೆಯ ಹೆಜ್ಜೆಗೂ ಪ್ರೋಟಾನ್ ಬೇಕಲ್ಲ.

ಕ್ಷೇತ್ರದ ದೊಡ್ಡವರಿಗೂ ಈ ಗೊಂದಲ ತಪ್ಪಿಲ್ಲ. ಸಾಮಾನ್ಯವಾಗಿ ಪಲ್ಲೇಡಿಯಂ ಲೋಹ ಮಾಡಿಸುವ, ಆಲ್ಕೈನನ್ನು ಬೆಂಜೀನಿನಂಥ ಉಂಗುರಕ್ಕೆ ಬೆಸೆಯುವ ಸೊನೊಗಾಶಿರಾ ಜೋಡಣೆಯನ್ನು ಚಿನ್ನವೊಂದೇ ನಡೆಸಬಲ್ಲದು ಎಂಬ ವರದಿ 2007ರಲ್ಲಿ ಬಂದಿತ್ತು. 2010ರಲ್ಲಿ ಎಚವಾರೆನ್ ತಂಡ ಪರೀಕ್ಷಿಸಿ, ದ್ರಾವಣದಲ್ಲಿನ ಚಿನ್ನ-1ರಿಂದ ಅದು ಆಗದು, ಕಲಬೆರಕೆಯಾಗಿ ಸೇರಿದ ಅತಿ ಸ್ವಲ್ಪ ಪಲ್ಲೇಡಿಯಂನ ಕೈವಾಡವಿರಬೇಕು ಎಂದು ವಾದಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತಿಗೆ ನಮ್ಮ ಕ್ಷೇತ್ರದಲ್ಲಿ ಉದಾಹರಣೆಗೆ ಬರವಿಲ್ಲ.

ಚಿನ್ನ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯುವುದು ಹೇಗೆ?

ಚಿನ್ನದ ನ್ಯೂಕ್ಲಿಯಸ್ಸನ್ನೇ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ನ್ಯೂಕ್ಲಿಯಸ್ಸುಗಳ ಸಂಕೇತ ಓದುವ) ಯಂತ್ರದಲ್ಲಿ ನೋಡುವುದು ಕಾರ್ಯತಃ ಸಾಧ್ಯವಿಲ್ಲ, ಹಾಗಾಗಿ ಅದಕ್ಕೆ ಅಂಟಿದ ರಂಜಕವನ್ನು ಕೇಳುತ್ತೇವೆ. ಬಿಡಿ ಟ್ರೈಫೀನೈಲ್‌ಫಾಸ್ಫೀನ್ ಮೈನಸ್ 5 ಪಿಪಿಎಂ (ಆ ಯಂತ್ರದ ಅಳತೆಪಟ್ಟಿಯ ಮಾನ) ಆಸುಪಾಸಿನಲ್ಲಿ ಕಾಣುತ್ತದೆ, ಚಿನ್ನದ ಕ್ಲೋರೈಡ್ ಸಂಯುಕ್ತದಲ್ಲಿ ಸುಮಾರು 33ರಲ್ಲಿ. 45ರ ಹತ್ತಿರ ಹೊಸ ಗೆರೆ ಎದ್ದರೆ ಒಂದೇ ಚಿನ್ನಕ್ಕೆ ಎರಡು ಫಾಸ್ಫೀನ್ ಅಂಟಿಕೊಂಡಿವೆ. ಅಂದರೆ ಇನ್ನೆಲ್ಲೋ ಒಂದು ಚಿನ್ನ ಫಾಸ್ಫೀನ್ ಕಳೆದುಕೊಂಡು ಲೋಹವಾಗಿದೆ. ಯಂತ್ರ ಸಿಗದಿದ್ದರೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೇರಳೆ ಹುಡುಕಿ.

ಎಡಗೈ, ಬಲಗೈ ಅಣುಗಳಲ್ಲಿ ಒಂದನ್ನೇ ಪಡೆಯುವುದು ಚಿನ್ನಕ್ಕೆ ಕಷ್ಟ ಎನ್ನುತ್ತಾರೆ. ಯಾಕೆ?

ಆ ನೇರ ಗೆರೆಯಿಂದಾಗಿ. ಚಿನ್ನ-1ರ ಒಂದು ತುದಿಗೆ ಲಿಗ್ಯಾಂಡ್, 180 ಡಿಗ್ರಿ ಆಚೆಯ ತುದಿಗೆ ಕ್ರಿಯೆಗೆ ಒಳಗಾಗುವ ಅಣು. ಕೈ ಗುರುತಿಸಬೇಕಾದ ಲಿಗ್ಯಾಂಡ್ ಒಂದು ಊರಿನಲ್ಲಿ, ಕ್ರಿಯೆ ಇನ್ನೊಂದು ಊರಿನಲ್ಲಿ. ಸಾಲದ್ದಕ್ಕೆ ನ್ಯೂಕ್ಲಿಯೋಫೈಲ್ (ಮೇಲಿನ ನೀರಿನಂತೆ ಎಲೆಕ್ಟ್ರಾನು ಕೊಟ್ಟು ಅಂಟಿಕೊಳ್ಳುವ ಅಣು) ಬರುವುದೂ ಚಿನ್ನದ ಎದುರು ಬದಿಯಿಂದ.

2007ರಲ್ಲಿ ಟೋಸ್ಟ್ ತಂಡ ಲಿಗ್ಯಾಂಡನ್ನು ಬಿಟ್ಟು ಚಿನ್ನದ ಜೊತೆಗಿರುವ ಋಣ ಅಯಾನಿಗೇ ಕೈಯ ಗುಣ ಕೊಟ್ಟಿತು. ಧನ ಆವೇಶದ ಚಿನ್ನವಿದ್ದಲ್ಲಿ ಆ ಫಾಸ್ಫೇಟ್ ಅಯಾನು ಅಂಟಿಕೊಂಡೇ ಬರಬೇಕಷ್ಟೆ, ಕ್ರಿಯೆ ನಡೆಯುವ ಜಾಗಕ್ಕೂ ಅದು ತಾನಾಗಿ ಹತ್ತಿರವಾಗುತ್ತದೆ. ಆವರೆಗೆ ಸುಮ್ಮನೆ ಲೆಕ್ಕಕ್ಕಿದ್ದ ಅಯಾನು ಮುಖ್ಯ ಪಾತ್ರಧಾರಿಯಾಯಿತು. ಈ ಕ್ಷೇತ್ರದಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ ಐಡಿಯಾ ಇದು.

ಪಲ್ಲೇಡಿಯಂ ಮಾಡುವ ಜೋಡಣೆಗಳನ್ನು ಚಿನ್ನ ಮಾಡಬಲ್ಲದೇ?

ಬಹುಕಾಲ ಇಲ್ಲ ಎಂಬುದೇ ಉತ್ತರವಾಗಿತ್ತು. ಅಂಥ ಜೋಡಣೆಗೆ ಲೋಹ ಎರಡು ಎಲೆಕ್ಟ್ರಾನು ಕೊಟ್ಟು ಮತ್ತೆ ಪಡೆಯಬೇಕು. ಚಿನ್ನ-1ರಿಂದ ಚಿನ್ನ-3ಕ್ಕೆ ಏರಲು ದಾಟಬೇಕಾದ ವಿಭವ ಸುಮಾರು 1.4 ವೋಲ್ಟ್. ಮೊದಲು ಸೆಲೆಕ್ಟ್‌ಫ್ಲೋರಿನಂಥ ಬಲವಾದ ಉತ್ಕರ್ಷಕ ಸುರಿದು ಅದನ್ನು ಬಲವಂತವಾಗಿ ಏರಿಸಿದರು. 2013ರಲ್ಲಿ ಜರ್ಮನಿಯ ಗ್ಲೋರಿಯಸ್ ತಂಡ ಬೆಳಕಿನ ನೆರವಿನಿಂದ ಡಯಾಜೋನಿಯಂ ಲವಣಗಳನ್ನು ಬಳಸಿ ಏರಿಸಿತು. ಆಮೇಲೆ ಫ್ರಾನ್ಸಿನ ಬುರಿಸ್ಸೂ ತಂಡ ರಂಜಕ ಒಂದು ಕಡೆ, ಸಾರಜನಕ ಇನ್ನೊಂದು ಕಡೆ ಇರುವ ಲಿಗ್ಯಾಂಡಿನಿಂದ ಉತ್ಕರ್ಷಕವಿಲ್ಲದೆಯೇ ಅಯೋಡಿನ್ ಹೊತ್ತ ಬೆಂಜೀನಿನಂಥ ಉಂಗುರಗಳಾದ ಅಯೋಡೋಅರೀನುಗಳನ್ನು ಚಿನ್ನಕ್ಕೆ ಸೇರಿಸಿ ತೋರಿಸಿತು. ಸಾರಜನಕ ಬೇಕಾದಾಗ ಚಿನ್ನವನ್ನು ಹಿಡಿದು, ಬೇಡವಾದಾಗ ದೂರ ಸರಿಯುತ್ತದೆ. ಭಾರತದಲ್ಲಿ ಭೋಪಾಲದ ಐಸರ್ ಸಂಸ್ಥೆಯ ನಿತಿನ್ ಪಾಟೀಲ್ ತಂಡ ಇದೇ ಲಿಗ್ಯಾಂಡ್ ಹಿಡಿದು ಆಲ್ಕೀನಿನ ಎರಡು ತುದಿಗೂ ಎರಡು ಅರೈಲ್ ಗುಂಪು (ಬೆಂಜೀನಿನಂಥ ಉಂಗುರ) ಸೇರಿಸುವಂಥ ಕ್ರಿಯೆಗಳನ್ನು ಬೆಳೆಸಿದೆ. ಈಗ ಅತ್ಯಂತ ಬಿಸಿಯಾಗಿರುವುದು ಈ ಮೂಲೆಯೇ.

ಇದರಿಂದ ಔಷಧಿ ಏನಾದರೂ ಬಂದಿದೆಯೇ?

ಔಷಧಿಯಾಗಬಹುದಾದ ಅಣುಗಳನ್ನು ಕಟ್ಟಲು ಬಳಕೆಯಾಗಿದೆ. ನೆಲ್ಲಿಯ ಕುಲಕ್ಕೆ ಸೇರಿದ ಆಫ್ರಿಕಾದ ಗಿಡವೊಂದರಲ್ಲಿ ಎಂಗ್ಲೆರಿನ್ ಎ ಎಂಬ ವಸ್ತುವಿದೆ. ಮೂತ್ರಪಿಂಡದ ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಅತಿ ಕಡಿಮೆ ಪ್ರಮಾಣದಲ್ಲೇ ಕೊಲ್ಲುವುದರಿಂದ ಅದು ಎಲ್ಲರ ಗಮನ ಸೆಳೆಯಿತು. ಅದರ ನಡುವೆ ಆಮ್ಲಜನಕದ ಸೇತುವೆಯಿರುವ ಸಿಕ್ಕುಸಿಕ್ಕಾದ ಉಂಗುರಗಳಿವೆ. 2010ರಲ್ಲಿ ಎಚವಾರೆನ್ ತಂಡವೂ ಚೀನಾದ ದವೈ ಮಾ ತಂಡವೂ ಬೇರೆ ಬೇರೆಯಾಗಿ ಆ ಚೌಕಟ್ಟನ್ನು ಚಿನ್ನದ ಒಂದೇ ಹೆಜ್ಜೆಯಲ್ಲಿ ಕಟ್ಟಿದವು. ಆಲ್ಕೈನ್, ಆಲ್ಕೀನ್, ಕೀಟೋನ್ ಮೂರನ್ನೂ ಒಂದೇ ಸರಪಳಿಯಲ್ಲಿಟ್ಟು ಚಿನ್ನ ತೋರಿಸಿದರೆ ಅವು ತಾವಾಗಿ ಮಡಚಿಕೊಂಡು ಕೂತವು.

ಚಿನ್ನವೇ ಔಷಧಿಯಾದ ಉದಾಹರಣೆ ಬೇಕಿದ್ದರೆ ಆರನೊಫಿನ್ ಇದೆ. ಸಂಧಿವಾತಕ್ಕೆ ಕೊಡುವ ಈ ಗುಳಿಗೆಯೂ ಫಾಸ್ಫೀನ್ ಹೊತ್ತ ಚಿನ್ನ-1, ನಮ್ಮ ಬಿಳಿಪುಡಿಯ ದಾಯಾದಿ.

ಅಪಾಯವೇನಾದರೂ ಇದೆಯೇ?

ಕ್ಲೋರೋಆರಿಕ್ ಆಮ್ಲ ಚರ್ಮವನ್ನು ಸುಡುತ್ತದೆ, ಬಿದ್ದಲ್ಲಿ ನೇರಳೆ ಕಲೆ ಕೆಲವು ದಿನ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಎಚ್ಚರಿಕೆ: ಚಿನ್ನ-3ರ ದ್ರಾವಣಕ್ಕೆ ಅಮೋನಿಯಾ ಎಂದೂ ಸೇರಿಸಬೇಡಿ. ಹುಟ್ಟುವ ಪ್ರಕ್ಷೇಪ ಒಣಗಿದ ಮೇಲೆ ಕೈ ತಾಕಿದರೂ ಸಿಡಿಯಬಹುದು. ರಸವಾದಿಗಳ ಕಾಲದಿಂದಲೂ ಗೊತ್ತಿರುವ ಸ್ಫೋಟಕ ಇದು. ಬೆಳ್ಳಿಯ ಪರ್‌ಕ್ಲೋರೇಟಿನಿಂದಲೂ ದೂರವಿರಿ.

ಮೊದಲ ಸಲ ಚಿನ್ನದ ಕ್ರಿಯೆ ಮಾಡುತ್ತಿದ್ದೇನೆ. ಏನು ಗಮನಿಸಲಿ?

ಗಾಳಿ, ತೇವಗಳಿಗೆ ಹೆದರಬೇಡಿ. ಹೆಚ್ಚಿನ ಕ್ರಿಯೆಗಳು ತೆರೆದ ಸೀಸೆಯಲ್ಲೇ ನಡೆಯುತ್ತವೆ. ಹೆದರಬೇಕಾದ್ದು ಗಂಧಕಕ್ಕೆ, ಅಮೈನುಗಳಿಗೆ, ಹ್ಯಾಲೈಡುಗಳಿಗೆ. ಇವು ಚಿನ್ನವನ್ನು ಹಿಡಿದರೆ ಬಿಡುವುದಿಲ್ಲ. ತೊಳೆದ ಗಾಜಿನಲ್ಲಿ ಉಳಿದ ಉಪ್ಪಿನಂಶವೂ ಐದು ಮಿಲಿಗ್ರಾಂ ಕ್ರಿಯಾವರ್ಧಕಕ್ಕೆ ಮುಳುವಾಗಬಲ್ಲದು. ಆಲ್ಕೈನನ್ನು ಆ ದಿನವೇ ಸಿಲಿಕಾದ ಮೂಲಕ ಹಾಯಿಸಿಕೊಳ್ಳಿ. ಚಿನ್ನವನ್ನು ಕೊನೆಯಲ್ಲಿ ಹಾಕಿ, ಹಾಕಿದ ಹೊತ್ತು ಬರೆದುಕೊಳ್ಳಿ, ಕ್ರಿಯೆ ಎಷ್ಟು ಸಾಗಿತೆಂದು ನೋಡಲು ಕಾಲು ಗಂಟೆಗೊಮ್ಮೆ ತೆಳುಪದರ ಪರೀಕ್ಷೆಯಾದ ಟಿಎಲ್‌ಸಿ ಓಡಿಸಿ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬಂದು ನೋಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎಷ್ಟೋ ಕ್ರಿಯೆಗಳು ಹತ್ತು ನಿಮಿಷಕ್ಕೇ ಮುಗಿದು, ಉಳಿದ ಹನ್ನೆರಡು ಗಂಟೆ ನಿಮ್ಮ ಉತ್ಪನ್ನವನ್ನು ಕೆಡಿಸಲು ಬಳಕೆಯಾಗಿರುತ್ತವೆ. ಮತ್ತೆ ಆ ನಾಲ್ಕು ಪುಟ್ಟ ಸೀಸೆಗಳನ್ನು ಮರೆಯಬೇಡಿ. ಬೆಳ್ಳಿ, ಆಮ್ಲ, ಖಾಲಿ, ಪಿರಿಡೀನ್ ಎಂದು ಮುಚ್ಚಳದ ಮೇಲೆ ಬರೆದು, ಚಿನ್ನದ ಸೀಸೆಯ ಪಕ್ಕದಲ್ಲೇ ಕಲಕಲು ಇಡಿ.